ದೂರ ನಿಲ್ಲುವವರು

ಹತ್ತು ಜನರೊಡನೆ ಬೆರೆಯದೆ, ಮನಸ್ಸನ್ನು ಬಿಚ್ಚದೆ, ತನ್ನ ಪಾಡಿಗೆ ತಾನಿರುವವನನ್ನು ಇಂಗ್ಲಿಷರು ‘ಅಲೂಫ್’ ಎಂದು ಕರೆಯುವರು. ಈ ಮಾತಿನಲ್ಲಿ ಒಂದಿಷ್ಟು ನಿಂದೆಯೂ ಸೇರಿಕೊಂಡಿರುವುದುಂಟು. ನಮ್ಮ ತಂದೆಯವರನ್ನು ಕುರಿತು ನಾವೂ ಬಹುಕಾಲ ಇದೇ ಮಾತನ್ನಾಡಿದವರೇ. ಅದರ ಹುಟ್ಟನ್ನು ನಿಘಂಟಿನಲ್ಲಿ ನೋಡಿದಂದಿನಿಂದ ಹಾಗೆನ್ನಲು ನಾಲಗೆ ಹಿಂಜರಿಯುತ್ತದೆ.

ಈ ಶಬ್ದವು ಹುಟ್ಟಿದುದು ಕಡಲಿನ ಮೇಲೆ. ಗಾಳಿಯು ಬೀಸಿಬರುವ ಕಡೆಯನ್ನು ಹಿಂದಿನ ನಾವಿಕರು ‘ಲೂಫ್’ ಎನ್ನುತ್ತಿದ್ದರು. ಇದು ಡಚ್ಚರ ಮಾತಿನಿಂದ ಬಂದಿರಬೇಕೆಂದು ಪಂಡಿತರ ಎಣಿಕೆ. ‘ಅಲೂಫ್’ ಎಂದರೆ ‘ಗಾಳಿಯ ಕಡೆಗೆ’ ಎಂದಾಯಿತು. 16ನೆಯ ಶತಮಾನದಲ್ಲಿ ಇದು ಚುಕ್ಕಾಣಿ ಹಿಡಿದವನಿಗೆ ಕೊಡುವ ಅಪ್ಪಣೆಯಾಗಿತ್ತು. ಹಾಯಿಹಡಗು ಮುಂದಕ್ಕೆ ಸಾಗುತ್ತಿರುವಾಗಲೇ ಗಾಳಿಯು ಅದನ್ನು ಪಕ್ಕಕ್ಕೂ ತಳ್ಳುತ್ತದೆ. ಆ ಪಕ್ಕದಲ್ಲಿ ದಡವಿದ್ದರೆ ಹಡಗು ಮೆಲ್ಲಮೆಲ್ಲನೆ ಸರಿದು ಬಂಡೆಗೆ ಬಡಿದು ಒಡೆಯುವುದು. ಆದಕಾರಣ ಅದರ ಮುಖವನ್ನು ಗಾಳಿಯ ಕಡೆಗೆ ತಿರುಗಿಸಿ, ದಡಕ್ಕೆ ದೂರವಾಗಿ ನಡಸಬೇಕು.

ಕಾಲಕ್ರಮದಲ್ಲಿ ಗಾಳಿಯ ನೆನಪು ಅಳಿದು, ‘ದೂರ’ ಎಂಬ ಅರ್ಥವಷ್ಟೇ ಉಳಿಯಿತು. ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ 1599ರ ಮುದ್ರಣದಲ್ಲಿ, ಸ್ಮಶಾನಕ್ಕೆ ಬಂದ ಪ್ಯಾರಿಸನು ತನ್ನ ಆಳನ್ನು ದೂರ ನಿಲ್ಲೆನ್ನುವಾಗ ಈ ಶಬ್ದವನ್ನೇ ಬಳಸುತ್ತಾನೆ. ಅದು ಹೆಜ್ಜೆಗಳಲ್ಲಿ ಅಳೆಯುವ ದೂರ. ಅಲ್ಲಿಂದ ಮನಸ್ಸಿನ ದೂರಕ್ಕೆ ಹೋಗುವುದು ಮಾತಿಗೆ ಕಷ್ಟವಾಗಲಾರದು.

ಇದಕ್ಕೆ ಸಮೀಪವಾದ ಶಬ್ದ ನಮ್ಮಲ್ಲಿ ಯಾವುದು? ‘ತಟಸ್ಥ’ ಎಂಬುದು ಕೂಡಲೆ ನೆನಪಿಗೆ ಬರುವುದು. ತಟಸ್ಥನೆಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಯಾರು ಈಜಿದರೂ ಯಾರು ಮುಳುಗಿದರೂ ಅವನ ಪಂಚೆಯ ಅಂಚು ನೆನೆಯದು. ಎರಡು ಶಬ್ದಗಳಿಗೂ ನಾವು ಒಂದೇ ಅರ್ಥವನ್ನು ಹೇಳುತ್ತೇವೆ. ಆದರೆ ಒಬ್ಬನು ದಡದಲ್ಲಿ ನಿಶ್ಚಿಂತನು; ಇನ್ನೊಬ್ಬನು ದಡಕ್ಕೆ ಹೆದರಿ ಕಡಲಿನಲ್ಲಿ ಎಚ್ಚತ್ತಿರುವವನು.

ನಮ್ಮ ತಾಯಿಯವರು ತೀರಿಕೊಂಡಾಗ ತಂದೆಯವರು ನಮ್ಮೆದುರು ಕಣ್ಣೀರಿಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವರು, ಮಕ್ಕಳ ಶಾಲೆಯ ಫೀಜನ್ನು ತಪ್ಪದೆ ಕಟ್ಟುವರು, ರಾತ್ರಿ ಬಾಗಿಲ ಅಗಳಿಯನ್ನು ತಾವೇ ಹಾಕುವರು. ಯಾರಾದರೂ ತಾಯಿಯವರ ಹೆಸರನ್ನೆತ್ತಿದರೆ ಮಾತ್ರ ಎದ್ದು ಜಗಲಿಗೆ ಹೋಗಿಬಿಡುವರು. ನಾವು ಅವರನ್ನು ತಟಸ್ಥರೆಂದು ತಿಳಿದೆವು. ಕಲ್ಲುಮನಸ್ಸಿನವರೆಂದು ಒಮ್ಮೆ ಅವರೆದುರಿಗೇ ಅಂದುದೂ ಉಂಟು. ಅವರು ಮರುಮಾತಾಡಲಿಲ್ಲ, ಅಂದು ರಾತ್ರಿಯೂ ಅಗಳಿ ಹಾಕಿಯೇ ಮಲಗಿದರು.

ಚುಕ್ಕಾಣಿ ಅವರ ಕೈಯಲ್ಲಿತ್ತು, ಹಡಗಿನಲ್ಲಿ ಇದ್ದವರು ನಾವು, ಆ ಹೆಸರೇ ಅವರಿಗೆ ಬಂಡೆಯಾಗಿತ್ತು ಎಂದು ನಮಗೆ ಈಗ ತೋರುತ್ತದೆ. ಹೌದೇ ಎಂದು ಕೇಳೋಣವೆಂದರೆ ಅವರಿಲ್ಲ.

ವಾಚಕರ ಮನೆಗಳಲ್ಲಿಯೂ ಹೀಗೆ ಎದ್ದು ಜಗಲಿಗೆ ಹೋಗುವವರು ಇರಬಹುದು. ಅವರಿಗೊಂದು ಹೆಸರಿಡುವ ಮುನ್ನ ಒಂದು ಲೋಟ ನೀರನ್ನಾದರೂ ಅಲ್ಲಿಗೆ ಒಯ್ದುಕೊಟ್ಟು, ಏನನ್ನೂ ಕೇಳದೆ ಸ್ವಲ್ಪ ಹೊತ್ತು ಬಳಿಯಲ್ಲಿ ಕುಳಿತಿರಬೇಕೆಂದು ಬೇಡುತ್ತೇವೆ. ನಾವು ಕುಳಿತಿರಲಿಲ್ಲ.