ಕಮಾನು, ತೊಲೆ, ಮಾಳಿಗೆ: ನಾಲ್ಕು ತಾಲ್ಲೂಕಿನ ಟಿಪ್ಪಣಿಗಳು

ಸಂತೇಬೆನ್ನೂರು, ಚನ್ನಗಿರಿ ತಾಲ್ಲೂಕು

ಪುಷ್ಕರಣಿಯ ನಡುವೆ ವಸಂತ ಮಂಟಪ. ಕಟ್ಟಿಸಿದವನು 16ನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ, ರಂಗನಾಥನ ಭಕ್ತ. ಆದರೆ ಮಂಟಪದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸುಲ್ತಾನರ ಕಟ್ಟಡಗಳಲ್ಲಿ ಕಾಣುವ ಕಮಾನು. ದೇವರ ಹೊಂಡಕ್ಕೆ ಅದು ಹೇಗೆ ಬಂತು?

ಬಿಜಾಪುರದವರು ತಂದರು ಎನ್ನೋಣವೆಂದರೆ ಕಾಲ ಹೊಂದುವುದಿಲ್ಲ. ಅವರ ಸೇನಾನಿ ರಣದುಲ್ಲಾ ಖಾನ್ ದಂಡೆತ್ತಿ ಬಂದದ್ದು 17ನೇ ಶತಮಾನದಲ್ಲಿ. ದಂಡೆಯ ಮೇಲಿನ ಮುಸಾಫಿರಖಾನೆ ಆ ಕಾಲದ್ದು; ರಂಗನಾಥನ ಗುಡಿಯನ್ನು ಕೆಡವಿ ಕಟ್ಟಿದ್ದು ಎನ್ನುತ್ತದೆ ಇತಿಹಾಸ. ಒಂದೇ ಹೊಂಡದ ಬಳಿ ಕಮಾನು ಒಮ್ಮೆ ಒಲಿದು ಬಂದಿದೆ, ಒಮ್ಮೆ ಕತ್ತಿಯ ಜೊತೆ ಬಂದಿದೆ. ಎರಡನ್ನೂ ನೆನಪಿಟ್ಟುಕೊಂಡೇ ನೋಡಬೇಕು.

ಒಗಟಿಗೆ ಉತ್ತರದ ಸುಳಿವು ಹಂಪಿಯಲ್ಲಿದೆ. ಅಲ್ಲಿ ಕಮಲ ಮಹಲು, ಆನೆ ಲಾಯ, ರಾಣಿಯ ಸ್ನಾನಗೃಹಗಳಿಗೆ ಕಮಾನು. ವಿರೂಪಾಕ್ಷ, ವಿಠ್ಠಲರ ಗುಡಿಗಳಿಗೆ ಕಂಬ ಮತ್ತು ತೊಲೆ. ಅರಸರ ವಿಹಾರಕ್ಕೆ ಒಂದು ಬಗೆ, ದೇವರ ವಾಸಕ್ಕೆ ಇನ್ನೊಂದು. ವಸಂತ ಮಂಟಪ ಗರ್ಭಗುಡಿಯಲ್ಲ. ಉತ್ಸವಕ್ಕೆ, ಗಾಳಿ ನೀರಿನ ಸೊಗಸಿಗೆ ಕಟ್ಟಿದ್ದು. ಹಾಗಾಗಿ ನಾಯಕನಿಗೆ ಕಮಾನು ಪರಕೀಯ ಅನ್ನಿಸಿರಲಾರದು. ಎರಡೂ ವಿದ್ಯೆ ಬಲ್ಲ ಕಲ್ಲುಕುಟಿಗರು ಇದ್ದರು. ಯಾವುದಕ್ಕೆ ಯಾವುದು ಎಂಬ ವಿವೇಕವೂ ಇತ್ತು.

ಮುಸಾಫಿರಖಾನೆಯ ಎದುರು

ಮೊನೆಯುಳ್ಳ ಕಮಾನು. ಇದನ್ನು ನೋಡುವಾಗ ಮೈಸೂರಿನ ಸಂತ ಫಿಲೋಮಿನಾ ಚರ್ಚು ನೆನಪಾಗದೆ ಇರದು. 1933ರಲ್ಲಿ ಅಡಿಗಲ್ಲು, ಗಾಥಿಕ್ ಶೈಲಿ, 175 ಅಡಿಯ ಜೋಡಿ ಶಿಖರ. ದೂರದ ನೆಂಟಸ್ತಿಕೆ ನಿಜವೇ. ಕೈರೋದ ಇಬ್ನ್ ತುಲೂನ್ ಮಸೀದಿಯಲ್ಲಿ 879ರ ಹೊತ್ತಿಗೇ ಮೊನೆ ಕಮಾನು ಇತ್ತು. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ ಮಠಾಧಿಪತಿ ಸುಜೇರ್ ಕಟ್ಟಿಸಿದ, ಗಾಥಿಕ್ ಶೈಲಿಯ ಮೊದಲ ಮಾದರಿ ಎನ್ನುವ ಭಾಗ ಮುಗಿದದ್ದು 1144ರಲ್ಲಿ.

ಮೊನೆಯ ಗುಣವೇನು? ಅರ್ಧವೃತ್ತದ ಕಮಾನಿನಲ್ಲಿ ಅಗಲವೇ ಎತ್ತರವನ್ನು ಗೊತ್ತುಮಾಡುತ್ತದೆ. ಮೊನೆ ಕಮಾನಿಗೆ ಆ ಕಟ್ಟಿಲ್ಲ, ಅದು ಪಕ್ಕಕ್ಕೆ ನೂಕುವುದೂ ಕಡಿಮೆ. ಬಿಜಾಪುರದವರು ಉಳಿದ ನೂಕನ್ನು ದಪ್ಪ ಗೋಡೆಗೆ ಹೊರಿಸಿದರು. 1656ರಲ್ಲಿ ಮುಗಿದ ಗೋಲಗುಮ್ಮಟದಲ್ಲಿ ಕಮಾನುಗಳನ್ನೇ ಒಂದಕ್ಕೊಂದು ಹೆಣೆದು 44 ಮೀಟರ್ ಅಗಲದ ಗುಮ್ಮಟ ನಿಲ್ಲಿಸಿದರು. ಗಾಥಿಕ್‌ನವರು ಆ ನೂಕನ್ನು ಹೊರಗಡೆಯ ಆಸರೆ ಕಮಾನುಗಳಿಗೆ ದಾಟಿಸಿ, ಗೋಡೆಯನ್ನೇ ಕರಗಿಸಿ ಬಣ್ಣದ ಗಾಜು ತುಂಬಿದರು. ಆ ಧೈರ್ಯಕ್ಕೆ ದಂಡವನ್ನೂ ತೆತ್ತರು: ಫ್ರಾನ್ಸಿನ ಬೊವೆ ಚರ್ಚಿನ 48 ಮೀಟರ್ ಎತ್ತರದ ಚಾವಣಿ 1284ರಲ್ಲಿ ಕುಸಿಯಿತು.

ಹೊನ್ನಾಳಿ

ತುಂಗಭದ್ರೆಯ ಊರು. ಮೇಲಕ್ಕೆ ಕೂಡ್ಲಿಯ ರಾಮೇಶ್ವರ, ಕೆಳಕ್ಕೆ ಹರಿಹರೇಶ್ವರ, ಎರಡೂ ಹೊಯ್ಸಳರ ಕಾಲದವು. ಹರಿಹರದ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಪೋಲಾಳ್ವ ದಂಡನಾಥ. ಒಳಗೆ ಕಾಲಿಟ್ಟರೆ ಕಂಬಗಳ ಸಾಲು, ಮಬ್ಬು, ತಂಪು.

ಕಮಾನಿನಲ್ಲಿ ಕಲ್ಲು ಬರೀ ಒತ್ತಡವನ್ನು ಹೊರುತ್ತದೆ, ಅದು ಕಲ್ಲಿಗೆ ಸಲೀಸು. ತೊಲೆಯಾಗಿ ಮಲಗಿಸಿದರೆ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ಉದ್ದ ಹೆಚ್ಚಾದರೆ ಬಿರಿಯುತ್ತದೆ. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ. ಇದನ್ನು ಕೊರತೆ ಎನ್ನಬೇಕೇ? ಫ್ರಾನ್ಸಿನ ಮಂದ ಬಿಸಿಲಲ್ಲಿ ಬೆಳಕನ್ನು ಒಳಗೆ ಕರೆಯಬೇಕಿತ್ತು. ಇಲ್ಲಿ ಏಪ್ರಿಲ್ ತಿಂಗಳ ಬಿಸಿಲನ್ನು ಹೊರಗೆ ನಿಲ್ಲಿಸಬೇಕು. ಗರ್ಭಗುಡಿಯ ಕತ್ತಲಲ್ಲಿ ಮಂಗಳಾರತಿ ಬೆಳಗಿದಾಗಲೇ ದೇವರ ಮುಖ ಕಾಣಬೇಕು. ದೊಡ್ಡ ಕಿಟಕಿ ಇಟ್ಟರೆ ಆ ದರ್ಶನವೇ ಇಲ್ಲ.

ನ್ಯಾಮತಿ

ಇಲ್ಲಿಂದ ಪಡುವಣಕ್ಕೆ ಶಿಕಾರಿಪುರದ ಸೀಮೆ, ಅದರೊಳಗೇ ಬಳ್ಳಿಗಾವಿ. ಆ ಊರಿನ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರು ಬರೆದಿದ್ದಾರೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1853ರಲ್ಲಿ ಗಾಥಿಕ್ ಶೈಲಿಯನ್ನು ಹೊಗಳಿದ್ದಕ್ಕೆ ಮುಖ್ಯ ಕಾರಣ, ಅದು ಕುಶಲಕರ್ಮಿಯ ಕೈಗೆ ಸ್ವಾತಂತ್ರ್ಯ ಕೊಟ್ಟಿತ್ತು ಎಂಬುದು. ಆ ಅಳತೆಗೋಲನ್ನು ಇಲ್ಲಿಗೂ ತಂದರೆ? ಒಬ್ಬೊಬ್ಬ ಮದನಿಕೆಯ ಭಂಗಿಯೂ ಬೇರೆ, ಮಾಡಿದವನ ಹೆಸರೂ ಕಲ್ಲಿನಲ್ಲಿ. ಗಾಥಿಕ್‌ಗೆ ಸಂದ ಆ ಮೆಚ್ಚುಗೆ ನಮ್ಮ ರೂವಾರಿಗಳಿಗೂ ಪೂರ್ತಿ ಸಲ್ಲಬೇಕು.

ಇನ್ನೊಂದು ಟಿಪ್ಪಣಿ. ಮಲೆನಾಡಿನ ಸೆರಗಿನ ಈ ಕಡೆ ಇಳಿಜಾರು ಹೆಂಚಿನ ಮನೆಗಳು. ಮಂಗಳೂರು ಹೆಂಚು ಬಾಸೆಲ್ ಮಿಷನ್‌ನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ್ದು. ಹೊರಗಿನದು ಎಂದು ಈಗ ಯಾರೂ ಅನ್ನುವುದಿಲ್ಲ. ಮಳೆ ಅದನ್ನು ಒಪ್ಪಿಕೊಂಡಿತು, ಜನರೂ ಒಪ್ಪಿಕೊಂಡರು.

ಜಗಳೂರು

ಮಳೆ ಕಡಿಮೆಯ ಸೀಮೆ. ಸೂರು ಇಳಿಜಾರು ಬಿಟ್ಟು ಮಟ್ಟಸವಾಗುತ್ತದೆ. ಹಳೆಯ ಮಾಳಿಗೆ ಮನೆ: ಕಂಬ, ಬೋದಿಗೆ, ತೊಲೆ, ಜಂತೆ, ಮೇಲೆ ಮಣ್ಣು, ಅದರ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. ನಡುವೆ ಬೆಳಕಿಗೊಂದು ಗವಾಕ್ಷಿ. ಹರಿಹರದ ನವರಂಗದಲ್ಲಿ ಕಲ್ಲಿನಿಂದ ಮಾಡಿದ್ದನ್ನೇ ಇಲ್ಲಿ ಮರದಲ್ಲಿ ಮಾಡಿದ್ದಾರೆ. ಶೈಲಿಗಳ ಚರಿತ್ರೆಯಲ್ಲಿ ಈ ಮನೆಗೆ ಜಾಗ ಸಿಗುವುದಿಲ್ಲ ಏಕೆ? ಕಟ್ಟಿದವರು ಬಡಿಗರು, ಇದ್ದವರು ರೈತರು ಎಂಬುದು ಕಾರಣವಾಗಬಾರದು. ಮಾಳಿಗೆಗಳು ಒಂದೊಂದಾಗಿ ಬೀಳುತ್ತಿರುವಾಗ ಅವುಗಳ ಅಳತೆ ಹಿಡಿದು ನಕ್ಷೆ ಬರೆದಿಡುವ ಕೆಲಸ ತುರ್ತಾಗಿ ಆಗಬೇಕು.

ಒಟ್ಟಾಗಿ ನೋಡಿದಾಗ

ಎತ್ತರದ ಲೆಕ್ಕ ಹಿಡಿದರೆ ಗಾಥಿಕ್ ಗೆಲ್ಲುತ್ತದೆ. ಅಗಲದ ಲೆಕ್ಕಕ್ಕೆ ಬಿಜಾಪುರ, ಕೆತ್ತನೆಯ ಲೆಕ್ಕಕ್ಕೆ ಹೊಯ್ಸಳ, ಬೇಸಿಗೆ ಮಧ್ಯಾಹ್ನದ ತಂಪಿಗೆ ಜಗಳೂರಿನ ಮಾಳಿಗೆ. ಇವೆಲ್ಲಕ್ಕೂ ಸಮಾನವಾದದ್ದು ಒಂದೇ: ಪ್ರತಿಯೊಂದು ಆಕಾರಕ್ಕೂ ಒಂದು ಕಾರಣವಿತ್ತು, ಆ ಕಾರಣ ಕಟ್ಟಡದ ಮೈಮೇಲೆಯೇ ಕಾಣುತ್ತಿತ್ತು.

ಈಗ ನಾಲ್ಕೂ ಊರುಗಳ ಹೊಸ ಕಟ್ಟಡಗಳ ಮುಂಭಾಗದಲ್ಲಿ ಸಿಮೆಂಟಿನ ಕಮಾನು ಇರುತ್ತದೆ. ಭಾರವನ್ನು ಹೊರುವುದು ಅದರ ಹಿಂದೆ ಅಡಗಿದ ಕಬ್ಬಿಣದ ತೊಲೆ. ಕಬ್ಬಿಣ, ಕಾಂಕ್ರೀಟು ಸಿಕ್ಕ ಮೇಲೆ ಯಾವ ಆಕಾರವಾದರೂ ನಿಲ್ಲುತ್ತದೆ. ಹಾಗಾದರೆ ಇನ್ನು ಮುಂದೆ ಆಕಾರವನ್ನು ನಿರ್ಧರಿಸುವುದು ಯಾವುದು? ಈ ಪ್ರಶ್ನೆ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಜಗಳೂರಿನ ಬಿಸಿಲೂ ನ್ಯಾಮತಿಯ ಮಳೆಯೂ ಇನ್ನೂ ಬೇರೆ ಬೇರೆಯೇ. ಎರಡೂ ಊರುಗಳಲ್ಲಿ ಒಂದೇ ನಕ್ಷೆಯ ಮನೆ ಏಳುವುದನ್ನು ನಿಲ್ಲಿಸುವುದರಿಂದಲಾದರೂ ಶುರುಮಾಡಬಹುದು.