ಗಿಳಿಯನ್ನು ತರಹೋಗಿ ಪಂಜರವನ್ನು ತಂದುದು

ಮೈಸೂರಿನ ನಮ್ಮ ಮನೆಯ ಎದುರಿಗೆ ಹಳೆಯ ಮರವೊಂದಿದೆ. ಅದರ ಪೊಟರೆಯಲ್ಲಿ ವರ್ಷವರ್ಷವೂ ಪುಷ್ಯ ಮಾಘಗಳ ಹೊತ್ತಿಗೆ ಗಿಳಿಗಳ ಜೋಡಿಯೊಂದು ಸಂಸಾರ ಹೂಡುವುದುಂಟು. ಈ ಸಲ ಅವುಗಳ ಕಲಕಲವನ್ನು ಕೇಳಿದ ನಮ್ಮ ಮೊಮ್ಮಗಳು, ಎಂಟು ವರ್ಷದ ಹುಡುಗಿ, "ತಾತ, ಅದರ ಮರಿ ಒಂದನ್ನು ಹಿಡಿಸಿಕೊಡು" ಎಂದು ಹಟ ಹಿಡಿದಳು. ಮಗನು ನಕ್ಕನು. ಮನೆಯಲ್ಲಿ ಗಿಳಿಯಿದ್ದರೆ ಲಕ್ಷಣವೆಂದು ಸೊಸೆಯು ಅನುಮೋದಿಸಿದಳು. ನಾವು ಮಾತ್ರ ಉತ್ತರ ಕೊಡಲಾರದೆ ಸುಮ್ಮನಾದೆವು. ಅದಕ್ಕೆ ಕಾರಣವಿದ್ದಿತು.

ನಾವು ಬಾಲಕರಾಗಿದ್ದಾಗ ನಮ್ಮ ತಂದೆಯವರು, ಬುಟ್ಟಿಯಲ್ಲಿ ಮರಿಗಳನ್ನು ಹೊತ್ತು ಬಂದವನೊಬ್ಬನಿಂದ ಗಿಳಿಯೊಂದನ್ನು ಕೊಂಡಿದ್ದರು. ರೆಕ್ಕೆ ಕತ್ತರಿಸಿದ ಆ ಪಕ್ಷಿಯು ಒಂದು ಮೊಳದ ಪಂಜರದಲ್ಲಿ, ಒಂದೇ ಕಂಬಿಯ ಮೇಲೆ, ಮೂರು ವರ್ಷ ಕುಳಿತಿದ್ದಿತು. ಅನ್ನ, ಹಸಿಮೆಣಸಿನಕಾಯಿ, ಕರಿದ ತಿಂಡಿಯ ಚೂರು, ಇಷ್ಟೇ ಅದರ ಆಹಾರ. ಅದಕ್ಕೆ "ರಾಮ ರಾಮ" ಎನ್ನುವುದನ್ನು ಕಲಿಸಿದವರು ನಾವೇ. ಬಂದವರೆಲ್ಲ ಮೆಚ್ಚಿಕೊಂಡು ಹೋದರು. ಆಮೇಲೆ ಅದು ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ಒಂದು ಮುಂಜಾನೆ ಪಂಜರದ ತಳದಲ್ಲಿ ಬಿದ್ದಿದ್ದಿತು. ಇಪ್ಪತ್ತು ವರ್ಷಕ್ಕೂ ಮೇಲೆ ಬಾಳಬಲ್ಲ ಪಕ್ಷಿಯದು. ಆಯುಸ್ಸು ತೀರಿತೆಂದರು ಹಿರಿಯರು, ನಾವೂ ನಂಬಿದೆವು. ಮುಂದೆ ಮೂವತ್ತು ವರ್ಷಕಾಲ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತ, ಬಾಣಭಟ್ಟನ ಕಾದಂಬರಿಯ ಕಥೆಯಲ್ಲಿ ಮುದಿ ಬೇಡನು ಬೂರುಗದ ಮರವನ್ನೇರಿ ಗಿಳಿಮರಿಗಳ ಕತ್ತು ಮುರಿದು ಕೆಳಗೆಸೆಯುವ ಸಂದರ್ಭವನ್ನು ಎಷ್ಟು ಸಲ ವರ್ಣಿಸಿದೆವೋ! ಒಮ್ಮೆಯಾದರೂ ನಮ್ಮ ಮನೆಯ ಗಿಳಿಯು ನೆನಪಾಗಲಿಲ್ಲವಲ್ಲ ಎಂಬ ನಾಚಿಕೆಯು ಈಗ, ಅರವತ್ತರ ವಯಸ್ಸಿನಲ್ಲಿ, ಉಂಟಾಗಿದೆ.

ನಮ್ಮ ಪಶ್ಚಾತ್ತಾಪವು ಹಾಗಿರಲಿ, ಈಗ ಕಾನೂನೂ ಇದನ್ನು ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು ನಮ್ಮ ಹಸುರು ಗಿಳಿಗಳಿಗುಂಟು. 1990-91ರಿಂದ ಈಚೆಗೆ ಈ ನಾಡಿನ ಕಾಡುಹಕ್ಕಿಗಳ ವ್ಯಾಪಾರವು ನಿಷಿದ್ಧವಾಗಿದೆ. ಗಿಳಿಯನ್ನಾಗಲಿ, ರಾಟವಾಳವನ್ನಾಗಲಿ ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಇದನ್ನು ಹುಡುಗಿಗೆ ಹೇಳಿದಾಗ ಅವಳು, "ಹಾಗಾದರೆ ಅಪರಾಧವಲ್ಲದ ಹಕ್ಕಿ ಯಾವುದು?" ಎಂದಳು. ನ್ಯಾಯವಾದ ಪ್ರಶ್ನೆ.

ಅಷ್ಟರಲ್ಲಿ ನಂಟರ ಮನೆಯ ಉಪನಯನಕ್ಕಾಗಿ ನಾವು ಅವಳೊಡನೆ ಬೆಂಗಳೂರಿಗೆ ಹೋಗಬೇಕಾಗಿ ಬಂದಿತು. ಶಿವಾಜಿನಗರದಲ್ಲಿ ಹಕ್ಕಿಯಂಗಡಿಗಳಿವೆಯೆಂದು ಕೇಳಿದ್ದೆವು. ಒಂದು ದಿನ ಮುಂಚಿತವಾಗಿಯೇ ರೈಲು ಹತ್ತಿದೆವು. ಚನ್ನಪಟ್ಟಣವು ಬಂದಾಗ, ಮರದ ಗಿಳಿಯೊಂದನ್ನು ಕೊಡಿಸಿ ಮುಗಿಸಿಬಿಡೋಣವೇ ಎಂಬ ದುರ್ಬುದ್ಧಿಯೂ ಮನಸ್ಸಿನಲ್ಲಿ ಹಾದುಹೋಯಿತು.

ರಸೆಲ್ ಮಾರುಕಟ್ಟೆಯನ್ನು ನೋಡದ ವಾಚಕರಿಗಾಗಿ ಎರಡು ಮಾತು. ಇದನ್ನು ಕಟ್ಟಿದ್ದು 1927ರಲ್ಲಿ, ಇಂಗ್ಲಿಷರ ದಂಡಿನ ಕಾಲದಲ್ಲಿ. 2012ರಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟುಹೋದುವು. ಕಟ್ಟಡವು ಮಾತ್ರ ನಿಂತಿದೆ. ಸಮೀಪದಲ್ಲಿಯೇ ಸೇಂಟ್ ಮೇರಿ ಬೆಸಿಲಿಕದ ಎತ್ತರವಾದ ಗೋಪುರ. ಹಣ್ಣು, ಹೂವು, ಮಾಂಸ, ಮೀನು, ಮಸಾಲೆಗಳ ವಾಸನೆಗಳೆಲ್ಲ ಒಂದರೊಳಗೊಂದು ಬೆರೆತು ಮೂಗಿಗೆ ಬಡಿಯುತ್ತವೆ. ಕನ್ನಡ, ತಮಿಳು, ದಖನಿ ಮಾತುಗಳೂ ಹಾಗೆಯೇ ಬೆರೆತಿವೆ. ಈ ಗದ್ದಲದಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ಬೇರೆಯ ಗದ್ದಲ: ನೂರಾರು ಕೊರಳುಗಳ ಚಿಲಿಪಿಲಿ.

ಅಲ್ಲಿ ಹಳದಿ, ನೀಲಿ, ಬಿಳಿ, ಹಸುರು ಬಣ್ಣದ ಪುಟ್ಟ ಗಿಳಿಗಳನ್ನು ಕಂಡು ಹುಡುಗಿಯ ಕಾಲು ನಿಂತುಬಿಟ್ಟಿತು. ಅಂಗಡಿಯ ಫಲಕದಲ್ಲಿ 'ಲವ್ ಬರ್ಡ್ಸ್' ಎಂದು ಬರೆದಿದ್ದಿತು. ಪೇಟೆಯಲ್ಲಿ ರೂಢಿಯಾದ ಈ ಹೆಸರು ವಾಸ್ತವವಾಗಿ ತಪ್ಪು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇದು ಬಜೆರಿಗಾರ್, ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯ ಪಕ್ಷಿ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಇವನ್ನು ಸಜೀವವಾಗಿ ಇಂಗ್ಲೆಂಡಿಗೆ ತಂದನು. ಅಂದಿನಿಂದ ಪಂಜರದಲ್ಲಿಯೇ ಹುಟ್ಟಿ ಪಂಜರದಲ್ಲಿಯೇ ಮರಿಮಾಡುತ್ತ ಎಷ್ಟೋ ತಲೆಗಳು ಕಳೆದಿವೆ. ಕಾಡಿನಲ್ಲಿರುವುದರ ಬಣ್ಣ ಹಸುರು ಹಳದಿ. ಮಿಕ್ಕ ಬಣ್ಣಗಳೆಲ್ಲ ಸಾಕಿದವರ ಕೈವಾಡ. ಗೇಣುದ್ದದ ಈ ಪಕ್ಷಿಯ ತೂಕ ಮೂವತ್ತು ನಲವತ್ತು ಗ್ರಾಮು. ಇದನ್ನು ಸಾಕಲು ನಮ್ಮ ಕಾನೂನಿನ ಅಡ್ಡಿಯಿಲ್ಲ. ಮಕಾ, ಕಾಕಟೂ ಮುಂತಾದ ದೊಡ್ಡ ಪರದೇಶದ ಗಿಳಿಗಳನ್ನಾದರೋ 2022ರ ತಿದ್ದುಪಡಿಯ ಮೇರೆಗೆ ಸರ್ಕಾರದಲ್ಲಿ ನೋಂದಾಯಿಸಬೇಕು. ಅವುಗಳ ಅರಚಾಟವನ್ನು ಕೇಳಿದಮೇಲೆ ನಮಗೆ ಆ ಆಸೆಯೇ ಹುಟ್ಟಲಿಲ್ಲವೆನ್ನಿ.

ನಾವು ಹಣವನ್ನು ತೆಗೆಯುವಷ್ಟರಲ್ಲಿ ಅಂಗಡಿಯ ಮುದುಕರು ಕೇಳಿದರು: "ಪಂಜರ ಎಲ್ಲಿ ಇಡ್ತೀರಿ ಸ್ವಾಮಿ?"

"ನಡುಮನೆಯಲ್ಲಿ."

"ಮೇಲೆ ಫ್ಯಾನು ಉಂಟಾ?"

"ಉಂಟು, ಸಾಹೇಬರೆ."

"ಹಕ್ಕಿ ಹೊರಗೆ ಬಿಟ್ಟಾಗ ಫ್ಯಾನು ತಿರುಗ್ತಿದ್ರೆ ಆಯ್ತು, ಮುಗೀತು. ಅಡಿಗೆಮನೆ ಪಕ್ಕದಲ್ಲೇನಾ? ದೋಸೆ ಯಾವ ತವದಲ್ಲಿ ಮಾಡ್ತಾರೆ?"

ಹಕ್ಕಿಗೂ ದೋಸೆಯ ತವಕ್ಕೂ ಏನು ಸಂಬಂಧವೆಂದು ನಾವು ನಕ್ಕೆವು. ಅವರು ನಗಲಿಲ್ಲ. ಅಂಟದ ಲೇಪನವಿರುವ ನಾನ್‌ಸ್ಟಿಕ್ ಪಾತ್ರೆಯು ಒಲೆಯ ಮೇಲೆ ಅತಿಯಾಗಿ ಕಾದರೆ ಕಣ್ಣಿಗೆ ಕಾಣದ ಹಬೆಯೊಂದು ಹೊರಡುತ್ತದೆ. ಮನುಷ್ಯರು ಗಮನಿಸುವ ಮೊದಲೇ ಪಂಜರದ ಹಕ್ಕಿಗಳು ಸತ್ತು ಬೀಳುತ್ತವೆ. ಹಕ್ಕಿಯ ಶ್ವಾಸಾಂಗದ ರಚನೆಯೇ ಹಾಗೆ: ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿರುವುದರಿಂದ ಗಾಳಿಯಲ್ಲಿರುವ ವಿಷವು ಅದಕ್ಕೆ ಬಲು ಬೇಗ ತಗಲುತ್ತದೆ. ಸೊಳ್ಳೆಬತ್ತಿಯ ಹೊಗೆಯೂ ಊದುಬತ್ತಿಯ ಹೊಗೆಯೂ ಅದಕ್ಕೆ ಹಿತವಲ್ಲ. ಆ ಬಳಿಕ ಮನೆಯಲ್ಲಿ ಬೆಕ್ಕುಂಟೇ, ದಿನವೂ ತಳವನ್ನು ಗುಡಿಸುವವರಾರು, ಊರಿಗೆ ಹೋದಾಗ ನೋಡುವವರಾರು ಎಂಬ ಪ್ರಶ್ನೆಗಳು ಬಂದುವು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ನಾವು ನಿಂತೆವು. ಕೊನೆಗೆ ಅವರು, "ಇವತ್ತು ಪಂಜರ ತಗೊಂಡು ಹೋಗಿ. ಮನೆ ಸರಿಮಾಡಿ. ಮರಿ ರೈಲಲ್ಲಿ ಅಷ್ಟು ದೂರ ಯಾಕೆ? ಮೈಸೂರಲ್ಲೇ ಸಿಗುತ್ತೆ" ಎಂದರು. ಕೈಗೆ ಬಂದ ವ್ಯಾಪಾರವನ್ನು ಹೀಗೆ ಬಿಟ್ಟುಕೊಟ್ಟವರನ್ನು ನಾವು ಬೇರೆ ಕಂಡಿಲ್ಲ.

ಹುಡುಗಿಯು ಮಾರುಕಟ್ಟೆಯಿಂದ ಹೊರಬರುವವರೆಗೆ ಅತ್ತಳು. ಪಂಜರವು ಉಪನಯನದ ಮನೆಯಲ್ಲಿ ಎಲ್ಲರ ನಗೆಗೆ ಕಾರಣವಾಯಿತು.

ಆ ಪಂಜರದ ಉದ್ದ ಎರಡೂವರೆ ಅಡಿ, ಅಗಲ ಒಂದೂವರೆ ಅಡಿ. ಹಕ್ಕಿಯು ಹಾರುವುದು ಅಡ್ಡಕ್ಕೆ. ಆದ್ದರಿಂದ ಎತ್ತರಕ್ಕಿಂತ ಉದ್ದವು ಮುಖ್ಯ. ಗೋಪುರದಂತಿರುವ ದುಂಡು ಪಂಜರಗಳು ನೋಡಲಷ್ಟೇ ಚೆನ್ನ. ಕಂಬಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚಾಗಿ ಸಂದಿರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಒಳಗಿದ್ದ ನುಣುಪಾದ ಕೋಲುಗಳನ್ನು ತೆಗೆದು, ಹಿತ್ತಿಲ ಸೀಬೆಗಿಡದಿಂದ ದಪ್ಪವೂ ಸಣ್ಣವೂ ಆದ ಕೊಂಬೆಗಳನ್ನು ತೊಳೆದು ಒಣಗಿಸಿ ಕಟ್ಟಿದೆವು. ಒಂದೇ ಗಾತ್ರದ ಕೋಲನ್ನು ಸದಾ ಹಿಡಿದಿದ್ದರೆ ಪಾದವು ಹುಣ್ಣಾಗುವುದುಂಟು. ನವಣೆ ಸಾಮೆಗಳು ಮನೆಯಲ್ಲಿದ್ದುವು. ಕಾಳೊಂದೇ ಸಾಲದು, ಕೊತ್ತಂಬರಿ ನುಗ್ಗೆ ಸೊಪ್ಪುಗಳೂ ಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಉಪ್ಪಿನ ತಿಂಡಿಗಳು ಕೂಡದು. ಸುಣ್ಣದ ಅಂಶಕ್ಕಾಗಿ ಕಡಲಿನ ಕಟ್ಲ್ ಮೀನಿನ ಒಳಚಿಪ್ಪನ್ನು ಪಂಜರಕ್ಕೆ ಕಟ್ಟಬೇಕೆಂದರು. ಅದೇನೋ ಎಂದು ಹುಡುಕುತ್ತ ಹೋದರೆ, ನಮ್ಮ ವೈದ್ಯಗ್ರಂಥಗಳ 'ಸಮುದ್ರಫೇನ'ವೇ ಅದು! ಗ್ರಂಧಿಗೆಯ ಅಂಗಡಿಯಲ್ಲಿ ದೊರೆಯಿತು.

ಸೊಸೆಯು ತನ್ನ ಪ್ರಿಯವಾದ ತವವನ್ನು ಅಟ್ಟಕ್ಕೆ ಹಾಕಿ ಕಬ್ಬಿಣದ ಕಾವಲಿಯನ್ನು ಇಳಿಸಿದಳು. ಮೊದಲ ನಾಲ್ಕು ದೋಸೆಗಳು ಕಿತ್ತುಬಂದುವು, ಯಾರೂ ಮಾತಾಡಲಿಲ್ಲ. ನಮ್ಮ ಪಾಲಿನ ತ್ಯಾಗವು ಸಾಂಬ್ರಾಣಿ. ಶುಕ್ರವಾರದ ಧೂಪವನ್ನು ಈಗ ಅಂಗಳದಲ್ಲಿ ಹಾಕುತ್ತೇವೆ.

ತಿಂಗಳ ಮೇಲೆ ನಮ್ಮೂರಿನಲ್ಲಿ ಮನೆಯಲ್ಲಿಯೇ ಹಕ್ಕಿ ಬೆಳೆಸುವ ಗೃಹಸ್ಥರೊಬ್ಬರಲ್ಲಿಗೆ ಹೋದೆವು. ಗುಂಪಿನಲ್ಲಿ ಬಾಳುವ ಜಾತಿಯಾದುದರಿಂದ ಒಂಟಿಯಾಗಿ ತರಬಾರದೆಂದು ಎರಡನ್ನು ಆರಿಸಿದೆವು. ಕೊಕ್ಕಿನವರೆಗೂ ಹಣೆಯಲ್ಲಿ ಗೆರೆಗಳಿದ್ದರೆ ಅದು ಎಳೆಯದು. ಬೆಳೆದ ಗಂಡಿಗೆ ಮೂಗಿನ ಮೇಲಿನ ಚರ್ಮವು ನೀಲಿ, ಹೆಣ್ಣಿಗೆ ಕಂದು. ಗರಿಯುಬ್ಬಿಸಿಕೊಂಡು ಮೂಲೆಯಲ್ಲಿ ಕೂತದ್ದನ್ನೂ, ಉಸಿರಿಗೆ ಬಾಲವು ಕುಣಿಯುವುದನ್ನೂ, ಹಿಂಭಾಗವು ಕೊಳೆಯಾದದ್ದನ್ನೂ ಕನಿಕರದಿಂದಲಾದರೂ ತರಬಾರದು. ಹಕ್ಕಿಯ ಕೆಲವು ರೋಗಗಳು ಮನುಷ್ಯರಿಗೂ ತಗಲುವುದರಿಂದ ಪಂಜರವನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಲೇಬೇಕು. ಮಡಕೆಯನ್ನು ಕಟ್ಟಬೇಡಿರೆಂದೂ ಆ ಗೃಹಸ್ಥರು ಎಚ್ಚರಿಸಿದರು. ಮಡಕೆ ಕಂಡರೆ ಮೊಟ್ಟೆಯಿಟ್ಟು ಸಂಸಾರ ಬೆಳೆಸುತ್ತವಂತೆ.

ಎರಡು ದಿನ ಅವು ಮಿಸುಕಲಿಲ್ಲ. ಹುಡುಗಿಯು ದೂರದಲ್ಲಿ ಕುಳಿತು ಪುಸ್ತಕ ಓದುತ್ತಿದ್ದಳು. ಹತ್ತಿರ ಹೋಗಬಾರದೆಂದು ಯಾರೂ ಹೇಳಬೇಕಾಗಲಿಲ್ಲ. ಮೂರನೆಯ ಬೆಳಗ್ಗೆ ಎದುರು ಮರದ ಗಿಳಿಗಳು ಕೂಗಿದಾಗ ಒಳಗಿನಿಂದಲೂ ಉತ್ತರ ಹೊರಟಿತು. ಮನೆಮಂದಿಯೆಲ್ಲ ಕೈಕೆಲಸ ಬಿಟ್ಟು ಬಂದು ನಿಂತೆವು.

ಈಗ ದಿನವೂ ಸಾಯಂಕಾಲ ಒಂದು ಗಂಟೆಯ ಹೊತ್ತು, ಕಿಟಕಿಗಳನ್ನು ಮುಚ್ಚಿ ಅವನ್ನು ನಡುಮನೆಯಲ್ಲಿ ಬಿಡುತ್ತೇವೆ. ಫ್ಯಾನಿನ ಗುಂಡಿಯ ಮೇಲೆ ಹುಡುಗಿಯು ಕಾಗದ ಅಂಟಿಸಿ, 'ತಾತ ಮುಟ್ಟಬಾರದು' ಎಂದು ಬರೆದಿದ್ದಾಳೆ. ಚೈತ್ರದ ಸೆಕೆ ಜೋರಾಗಿದೆ. ನಾವು ಲಾವಂಚದ ಬೀಸಣಿಗೆಯನ್ನು ಹಿಡಿದು ಕುಳಿತಿರುತ್ತೇವೆ. ಹಳದಿಯದು ಬಂದು ಅದರ ಅಂಚಿನ ಮೇಲೆ ಕೂತರೆ ಬೀಸುವುದನ್ನೂ ನಿಲ್ಲಿಸಬೇಕಾಗುತ್ತದೆ.