ಕಟ್ಟಿಕೊಟ್ಟ ಬುತ್ತಿ

ಗೆಳೆಯರೇ, ಮೆಸ್ಸಿನ ಊಟಕ್ಕೆ ದಿನಾ ಬೈತೀವಲ್ಲ, ಇನ್ನೊಂದು ವರ್ಷಕ್ಕೆ ಆ ಮೆಸ್ಸೂ ಇರೋದಿಲ್ಲ. ಕೆಲಸ ಸಿಕ್ಕು, ಬೆಳಿಗ್ಗೆ ಎಂಟಕ್ಕೆ ರೂಮಿನಿಂದ ಓಡಬೇಕಾದಾಗ ಮಧ್ಯಾಹ್ನ ಏನು ತಿಂತೀರಿ? ಕಳೆದ ಬೇಸಿಗೆವರೆಗೂ ಇದು ಯೋಚನೆ ಮಾಡೋ ವಿಷಯ ಅಂತಲೇ ನನಗೆ ಅನಿಸಿರಲಿಲ್ಲ. ಯಾಕಂದ್ರೆ ಅಲ್ಲಿಯತನಕ ಯಾರೋ ಒಬ್ಬರು ನನ್ನ ಬುತ್ತಿ ಕಟ್ಟಿ ಕಳಿಸ್ತಾನೇ ಇದ್ದರು.

ನಮ್ಮದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿ, ಭೀಮಾ ನದಿಯ ಕಡೆ. ಅವ್ವನ ತವರು ಆಳಂದ ತಾಲ್ಲೂಕು. ಅಕ್ಕನನ್ನು ಕೊಟ್ಟಿರೋದು ಜೇವರ್ಗಿ ಕಡೆ. ಅಲ್ಲೇ ಅಂಗನವಾಡಿ ಕಾರ್ಯಕರ್ತೆ. ಹಿಂಗಾಗಿ ನಮ್ಮ ಮನೆಯ ಊಟಕ್ಕೆ ಮೂರು ತಾಲ್ಲೂಕು. ರೊಟ್ಟಿ ಅವ್ವನದು, ಶೇಂಗಾ ಹಿಂಡಿ ಆಳಂದದ ಅಜ್ಜಿಯದು, ಗಡಿಬಿಡಿಯಲ್ಲಿ ಏನಾದರೊಂದು ಮಾಡಿಕೊಳ್ಳುವ ವಿದ್ಯೆ ಅಕ್ಕನದು.

ಅವ್ವ ಕೂಲಿಗೆ ಹೋಗುವಾಗ ಒಯ್ಯುವ ಬುತ್ತಿಯನ್ನ ಸಣ್ಣವನಿದ್ದಾಗಿನಿಂದ ನೋಡಿದ್ದೀನಿ. ಒಂದು ಬಿಳಿ ಅರಿವೆ. ಅದರೊಳಗೆ ಮೂರು ಜೋಳದ ರೊಟ್ಟಿ, ನಡುವೆ ಪುಂಡಿ ಪಲ್ಯ ಇಲ್ಲಾ ಬ್ಯಾಳಿ, ಮೇಲೆ ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ. ತಟ್ಟೆ ಇಲ್ಲ, ಚಮಚ ಇಲ್ಲ, ತೊಳೆಯೋ ಪಾತ್ರೆ ಇಲ್ಲ. ಕೆಳಗಿನ ರೊಟ್ಟಿಯೇ ತಟ್ಟೆ, ಮೇಲಿನದೇ ಮುಚ್ಚಳ. ಊಟ ಮುಗಿಯೋ ಹೊತ್ತಿಗೆ ತಟ್ಟೆಯೂ ಹೊಟ್ಟೆ ಸೇರಿರುತ್ತೆ. ಉಳಿದ ಅರಿವೆಯನ್ನ ಸಂಜೆ ತಲೆಗೆ ಸುತ್ತಿಕೊಂಡು ಮನೆಗೆ ಬರ್ತಾಳೆ.

ನಾನು ಪಿಯುಸಿಗೆ ಕಲಬುರಗಿಯಲ್ಲಿ ರೂಮ್ ಮಾಡಿದಾಗ ಆ ಬುತ್ತಿ ಸ್ಟೀಲ್ ಡಬ್ಬಿ ಆಯ್ತು. ನಮ್ಮ ಕಡೆಯವರಿಗೆ ಇದು ಗೊತ್ತಿರೋದೇ, ಬೆಂಗಳೂರು-ಮೈಸೂರಿನ ಗೆಳೆಯರಿಗಾಗಿ ಹೇಳ್ತೀನಿ. ಹಳ್ಳಿಯ ಮೊದಲ ಬಸ್ಸಿಗೆ ಅಮ್ಮಂದಿರು ಡಬ್ಬಿ ತಂದು ಕೊಡ್ತಾರೆ. ಡ್ರೈವರ್ ಪಕ್ಕ, ಇಂಜಿನ್ ಬಾನೆಟ್ ಹತ್ತಿರ ಡಬ್ಬಿಗಳು ಸಾಲಾಗಿ ಕೂತು ಊರಿಗೆ ಬರ್ತವೆ. ಮುಚ್ಚಳದ ಮೇಲೆ ಆಯಿಲ್ ಪೇಂಟಿನಲ್ಲಿ ಹುಡುಗನ ಹೆಸರು, ಊರಿನ ಹೆಸರು. ನಾವು ಬಸ್ ನಿಲ್ದಾಣಕ್ಕೆ ಹೋಗಿ ನಮ್ಮ ಡಬ್ಬಿ ತಗೊಂಡು, ನಿನ್ನೆಯ ಖಾಲಿ ಡಬ್ಬಿ ಅಲ್ಲಿ ಇಟ್ಟು ಬರಬೇಕು. ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಮುಂಬೈ ಡಬ್ಬಾವಾಲಾಗಳ ಬಗ್ಗೆ ಪಾಠ ಆದಾಗ ನನಗೆ ನಗು ಬಂತು. ಅವರದು 1890ರಿಂದ ನಡೆದ ವ್ಯವಸ್ಥೆ, ಮುಚ್ಚಳದ ಮೇಲೆ ಕೋಡ್ ಬರೀತಾರೆ, ಜಗತ್ತೆಲ್ಲ ಅದನ್ನ ಓದುತ್ತೆ. ನಮ್ಮ ಕೆಂಪು ಬಸ್ಸಿನ ಡಬ್ಬಿಗೆ ಪಾಠ ಇಲ್ಲ ಅಷ್ಟೇ.

ಕಳೆದ ವರ್ಷ, 2025ರ ಜೂನ್ ಮೊದಲ ವಾರ, ಎಂಟು ವಾರದ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೊರಟೆ. ಸ್ಟೈಪೆಂಡ್ ಇಲ್ಲ. ಪಿಜಿಯಲ್ಲಿ ಬೆಳಿಗ್ಗೆ, ರಾತ್ರಿ ಮಾತ್ರ ಊಟ. ಆಫೀಸ್ ಹತ್ತಿರ ಒಂದು ಊಟಕ್ಕೆ ನೂರು ರೂಪಾಯಿ. ಲೆಕ್ಕ ಹಾಕಿದರೆ ಬರೀ ಮಧ್ಯಾಹ್ನದ ಊಟಕ್ಕೇ ನಾಲ್ಕು ಸಾವಿರ. ಅವ್ವನಿಗೆ ಇಷ್ಟು ಹೇಳಿದ್ದೇ ತಡ, "ಅದಕ್ಯಾಕ ಚಿಂತಿ ಮಾಡ್ತಿ, ಖಡಕ್ ರೊಟ್ಟಿ ಬಡದು ಕೊಡ್ತೀನಿ ಒಯ್ಯಿ" ಅಂದಳು. ಅರವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಡಬ್ಬಿ ಅಗಸಿ ಹಿಂಡಿ. ಕಾಟನ್ ಬಾಕ್ಸಿನಲ್ಲಿ ಪೇಪರ್ ಸುತ್ತಿ, ಹಗ್ಗ ಬಿಗಿದು ರೈಲಿಗೆ ಹತ್ತಿಸಿದೆ.

ಕೆಲಸಕ್ಕೆ ಒಯ್ಯೋ ಊಟವಾಗಿ ನೋಡಿದರೆ ಖಡಕ್ ರೊಟ್ಟಿಯಷ್ಟು ಚೊಲೋ ಡಿಸೈನ್ ಇನ್ನೊಂದಿಲ್ಲ. ಗೋದಿಗೆ ಗ್ಲುಟೆನ್ ಇದೆ, ಹಿಟ್ಟು ಎಳೆದರೆ ಹಿಗ್ಗುತ್ತೆ. ಜೋಳಕ್ಕೆ ಅದಿಲ್ಲ. ಅದಕ್ಕೇ ಅವ್ವ ಎಸರು ಕುದಿಸಿ ಬಿಸಿಬಿಸಿಯಾಗೇ ಹಿಟ್ಟಿಗೆ ಹಾಕೋದು; ಆ ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ, ರೊಟ್ಟಿ ಒಡೆಯದ ಹಾಗೆ ಹಿಡಿದುಕೊಳ್ಳುತ್ತೆ. ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ಒಣಗಿಸಿದರೆ ನೀರಿನ ಅಂಶ ಹೋಗುತ್ತೆ. ನೀರಿಲ್ಲದ ಕಡೆ ಬೂಸರು ಬೆಳೆಯೋದಿಲ್ಲ. ಫ್ರಿಜ್ ಬೇಡ, ಓವನ್ ಬೇಡ, ವಾರಗಟ್ಟಲೆ ಇಡಬಹುದು. ಹಿಂಡಿಯೂ ಹಾಗೇ. ಹುರಿದ ಶೇಂಗಾ, ಬಳ್ಳೊಳ್ಳಿ, ಒಣಖಾರ, ಜೀರಿಗೆ, ಉಪ್ಪು ಹಾಕಿ ಕುಟ್ಟುತ್ತಾ ಹೋದರೆ ಶೇಂಗಾದ ಎಣ್ಣೆಯೇ ಬಿಟ್ಟು ಮುದ್ದೆಯಾಗುತ್ತೆ. ಮಿಕ್ಸರಿನ ಹಿಂಡಿ ಪುಡಿ ಆಗುತ್ತೆ, ಹಿಂಡಿ ಆಗೋದಿಲ್ಲ ಅಂತ ಅಜ್ಜಿ ಈಗಲೂ ಜಗಳಾಡ್ತಾಳೆ.

ಇಷ್ಟೆಲ್ಲ ಗೊತ್ತಿದ್ದರೂ ಆಫೀಸಿನ ಮೊದಲ ದಿನ ಡಬ್ಬಿ ತೆಗೆಯೋಕೆ ನಾಚಿಕೆ ಆಯ್ತು. ಪ್ಯಾಂಟ್ರಿಯಲ್ಲಿ ಎಲ್ಲರದೂ ಅನ್ನ, ಪಾಸ್ತಾ, ಸಲಾಡ್. ನಾನು ರೊಟ್ಟಿ ಮುರಿದರೆ 'ಟಕ್' ಅಂತ ಶಬ್ದ. ಪಕ್ಕದವನು "ಬ್ರೋ, ಊಟಕ್ಕೆ ಬರೀ ಹಪ್ಪಳಾನಾ?" ಅಂದ. ಕೆಟ್ಟದಾಗಿ ಅಂದಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ ಅವನಿಗೆ. ಆದರೂ ಬಳ್ಳೊಳ್ಳಿ ವಾಸನೆ ಎಲ್ಲರಿಗೂ ಹೋಗ್ತಿದೆ ಅಂತ ನನಗೇ ಅನಿಸಿ, ಮರುದಿನದಿಂದ ಮೇಲಿನ ಟೆರೇಸಿಗೆ ಹೋಗಿ ಮೆಟ್ಟಿಲ ಮೇಲೆ ಕೂತು ತಿನ್ನೋಕೆ ಶುರುಮಾಡಿದೆ.

ಟೆರೇಸಿನ ಆ ಕಡೆ ಒಂದು ಕಟ್ಟಡ ಏಳ್ತಿತ್ತು. ಮಧ್ಯಾಹ್ನ ಒಂದಕ್ಕೆ ಅಲ್ಲಿನ ಕೆಲಸದವರೂ ಊಟಕ್ಕೆ ಕೂರೋರು. ನಡುವೆ ಒಂದು ಸಣ್ಣ ಗೋಡೆ. ಮೂರನೇ ವಾರ ಇರಬೇಕು, ಒಬ್ಬ ಹೆಣ್ಣುಮಗಳು ನನ್ನ ರೊಟ್ಟಿ ನೋಡಿ ಕೇಳಿದಳು.

"ಯಾ ಊರ ತಮ್ಮಾ ನಿಂದು?"

"ಅಫಜಲಪುರ ಕಡಿ. ನಿಮ್ದು?"

"ನಾವು ಯಾದಗಿರಿಯೋರು. ರೊಟ್ಟಿ ಮನಿಯಿಂದ ತಂದೀಯೇನು? ಎಷ್ಟ ತಂದಿ?"

ಅರವತ್ತು ತಂದಿದ್ದೆ, ಮುಗಿದ ಮೇಲೆ ಊರಿಂದ ಬರೋರ ಕೈಲಿ ಮತ್ತೆ ಅರವತ್ತು ತರಿಸ್ಕೊಂಡೀನಿ, ಅಂತ ಜಂಬದಿಂದಲೇ ಹೇಳಿದೆ. ಆಕೆ ಒಂದು ತುತ್ತು ಬಾಯಿಗಿಟ್ಟು, "ನಿಮ್ಮವ್ವ ಏನ್ ಮಾಡ್ತಾಳ?" ಅಂದಳು.

"ಹೊಲಕ್ಕ ಹೋಗ್ತಾಳ, ಕೂಲಿಗೆ."

"ಹಂಗಾರ ಯಾವಾಗ ಬಡದಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕೆ ಬೇರೇನೂ ಹೇಳಲಿಲ್ಲ, ಕೈ ತೊಳೆದುಕೊಂಡು ಕೆಲಸಕ್ಕೆ ಹೋದಳು.

ಆ ರಾತ್ರಿ ಪಿಜಿಯಲ್ಲಿ ಲೆಕ್ಕ ಹಾಕಿದೆ. ಹಿಟ್ಟು ನಾದಿ, ಬಡಿದು, ಬೇಯಿಸೋಕೆ ಒಂದು ರೊಟ್ಟಿಗೆ ಮೂರು ನಿಮಿಷ ಅಂದ್ರೂ ಅರವತ್ತಕ್ಕೆ ಮೂರು ತಾಸು. ಆಮೇಲೆ ಒಣಗಿಸೋದು ಬೇರೆ. ದಿನವೆಲ್ಲ ಬಗ್ಗಿ ದುಡಿದು ಬಂದ ಮೇಲೆ, ಒಲೆ ಮುಂದೆ, ಜೂನ್ ತಿಂಗಳ ಸೆಕೆಯಲ್ಲಿ. ಎರಡು ಸಲ. ನಾನು 'ಈಸಿ ಲಂಚ್' ಅಂದುಕೊಂಡಿದ್ದು ನನಗೆ ಮಾತ್ರ ಈಸಿ ಆಗಿತ್ತು.

ಆದರೂ ನಾನೇನೂ ತಟ್ಟನೆ ಬದಲಾದೆ ಅಂತ ಸುಳ್ಳು ಹೇಳೋದಿಲ್ಲ. ಎರಡನೇ ಬಾಕ್ಸ್ ಮುಗೀತಾ ಬಂದಾಗ, ಅದೇ ಜೂನ್ ಕೊನೆಯ ಭಾನುವಾರ, ಮನೆಗೆ ಫೋನ್ ಮಾಡಿ "ರೊಟ್ಟಿ ಮುಗಿಲಿಕ್ಕೆ ಬಂದಾವ" ಅಂದೆ. ಅವ್ವ "ಆತು, ಈ ವಾರ ಕಳಸ್ತೀನಿ" ಅಂದಳು. ಹತ್ತು ನಿಮಿಷಕ್ಕೆ ಅಕ್ಕನ ಫೋನ್ ಬಂತು. "ಅವ್ವನ ಬಲಗೈ ಮಣಿಕಟ್ಟು ಬಾತದ. ದವಾಖಾನ್ಯಾಗ ಹದಿನೈದು ದಿನ ಕೈಗೆ ಕೆಲಸ ಕೊಡಬ್ಯಾಡ ಅಂದಾರ. ನಿನಗ ಹೇಳಬ್ಯಾಡ ಅಂದಾಳ. ನೀ ನೋಡಿದ್ರ ರೊಟ್ಟಿ ಕೇಳ್ಲತ್ತಿ."

ವಿಚಿತ್ರ ಅಂದ್ರೆ ಅವತ್ತೇ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಎಲ್ಲರೂ ಒಂದು ವಿಡಿಯೋ ಹಾಕ್ತಿದ್ದರು. ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲಿ ಕಲಬುರಗಿ ರೊಟ್ಟಿಯ ಹೆಸರು ಬಂದಿತ್ತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡಿ, ಒಂದು ಬ್ರ್ಯಾಂಡ್ ಮಾಡಿಕೊಂಡಿರೋ ವಿಷಯ. ಎಲ್ಲರೂ 'ನಮ್ಮ ಹೆಮ್ಮೆ' ಅಂತ ಬರೆದರು, ನಾನೂ ಬರೆದೆ. ಬರೆದ ಮೇಲೆ ಕೈ ನಿಂತಿತು. ಆ ಹೆಣ್ಣುಮಕ್ಕಳ ರೊಟ್ಟಿಗೆ ಒಂದು ರೇಟಿದೆ, ಲೆಕ್ಕ ಇಡೋ ಪುಸ್ತಕ ಇದೆ. ನಮ್ಮವ್ವನ ನೂರಾ ಇಪ್ಪತ್ತು ರೊಟ್ಟಿ ಯಾವ ಪುಸ್ತಕದಲ್ಲೂ ಇಲ್ಲ. ನಾನು ಇಂಜಿನಿಯರಿಂಗ್ ಓದಿದ್ದೀನಿ, ಒಲೆ ಮುಂದೆ ಕೂತಿದ್ದು ಚಳಿಗಾಲದಲ್ಲಿ ಕೈ ಕಾಸಿಕೊಳ್ಳೋಕೆ ಮಾತ್ರ. ಗಂಡು ಹುಡುಗ ಅಂತ ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಅಕ್ಕನಿಗೇ ಮತ್ತೆ ಫೋನ್ ಮಾಡಿ, "ನನಗ ಏನರ ಕಲಸು" ಅಂದೆ. ಬೆಳಿಗ್ಗೆ ಮಗನನ್ನ ಶಾಲೆಗೆ ಕಳಿಸಿ, ಅಂಗನವಾಡಿ ಬಾಗಿಲು ತೆಗೆಯೋ ಹೆಣ್ಣುಮಗಳು ಅಕ್ಕ. ಅವಳ ಹತ್ತಿರ ಹದಿನೈದು ನಿಮಿಷ ಮೀರಿದ ಅಡುಗೆಯೇ ಇಲ್ಲ. ಪಿಜಿ ಓನರ್ ಆಂಟಿಯನ್ನ ಕೇಳಿ ಬೆಳಿಗ್ಗೆ ಅರ್ಧ ತಾಸು ಒಂದು ಒಲೆ ಪಡೆದೆ. ಅಕ್ಕ ಕಲಿಸಿದ್ದು, ನಾನು ನಿಜವಾಗಿ ಡಬ್ಬಿಗೆ ಹಾಕಿ ಒಯ್ದಿದ್ದು ಇಷ್ಟು. ನಿಮಗೂ ಉಪಯೋಗ ಆಗಬಹುದು.

ಮೊದಲನೇದು ಜುಣಕ. ಒಂದು ವಾಟಗ ಕಡಲೆ ಹಿಟ್ಟನ್ನ ಎರಡು ವಾಟಗ ನೀರಿನಲ್ಲಿ ಮೊದಲೇ ಗಂಟಿಲ್ಲದ ಹಾಗೆ ಕಲಸಿಡಿ. ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಅರಿಶಿಣ, ಉಪ್ಪು ಸೇರಿಸಿ, ಹಿಟ್ಟು ಸುರಿದು ಕೈ ಬಿಡದೆ ತಿರುಗಿಸಿ. ಗಟ್ಟಿಯಾದ ಮೇಲೆ ಐದು ನಿಮಿಷ ಮುಚ್ಚಿಡಿ. ಒಟ್ಟು ಹದಿನೈದು ನಿಮಿಷ. ರಸ ಇಲ್ಲ, ಬ್ಯಾಗಿನಲ್ಲಿ ಚೆಲ್ಲೋದಿಲ್ಲ. ನಾನು ಮೊದಲ ಸಲ ಹಿಟ್ಟನ್ನ ಒಣದಾಗೇ ಹಾಕಿ ಗೋಲಿಗುಂಡು ಮಾಡಿದ್ದೆ.

ಎರಡನೇದು ಮುಟಗಿ. ಇದಕ್ಕೆ ಮೆತ್ತನೆ ರೊಟ್ಟಿ ಬೇಕು. ಹತ್ತಿರದ ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಕೊಂಡೆ, ಒಂದಕ್ಕೆ ಹತ್ತು ರೂಪಾಯಿ. ರೊಟ್ಟಿ ಬಿಸಿ ಇದ್ದಾಗಲೇ ಬಳ್ಳೊಳ್ಳಿ, ಖಾರ, ಉಪ್ಪು, ಎಣ್ಣೆ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಹಿಡಿದರೆ ಆಯ್ತು. ಎರಡು ಮುಟಗಿ ತಿಂದರೆ ಸಂಜೆ ಆರರ ತನಕ ಹಸಿವಿಲ್ಲ.

ಮೂರನೇದು ಬ್ಯಾಳಿ ಅನ್ನ. ನಮ್ಮ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ನಾನು ಅದನ್ನ ಬೇಯಿಸಿದ್ದು 2025ರಲ್ಲಿ! ಅರ್ಧ ವಾಟಗ ಬೇಳೆಯನ್ನ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಒಂದು ವಾಟಗ ಅಕ್ಕಿ, ಅರಿಶಿಣ, ಟೊಮೆಟೊ ಜೊತೆ ಕುಕ್ಕರಿಗೆ ಹಾಕಿ, ಸ್ನಾನ ಮಾಡಿ ಬರೋದ್ರೊಳಗೆ ಆಗಿರುತ್ತೆ. ನೆನೆಸದಿದ್ದರೆ ಅಕ್ಕಿ ಗಂಜಿ ಆಗುತ್ತೆ, ಬೇಳೆ ಹಾಗೇ ಉಳಿಯುತ್ತೆ.

ನಾಲ್ಕನೇದು ಮೊಸರನ್ನ. ಬೆಳಿಗ್ಗೆಯೇ ಮೊಸರು ಕಲಸಿ ಒಯ್ದರೆ ಮಧ್ಯಾಹ್ನಕ್ಕೆ ಹುಳಿ. ಉಗುರುಬೆಚ್ಚಗಿನ ಅನ್ನಕ್ಕೆ ಕಾಸಿ ಆರಿಸಿದ ಹಾಲು ಹಾಕಿ, ಮೊಸರು ಒಂದೇ ಚಮಚ ಬೆರೆಸಿ ಮುಚ್ಚಿ. ನೀವು ಮೀಟಿಂಗಿನಲ್ಲಿ ಕೂತಿರೋ ಹೊತ್ತಿಗೆ ಅದು ಡಬ್ಬಿಯೊಳಗೇ ಹೆಪ್ಪುಗಟ್ಟುತ್ತಿರುತ್ತೆ.

ಇನ್ನು ಚುರುಮುರಿ ಸುಸಲಾ ಎಲ್ಲರಿಗೂ ಗೊತ್ತಿರೋದೇ. ಚುರುಮುರಿ ನೀರಲ್ಲಿ ಅದ್ದಿ ತಕ್ಷಣ ಹಿಂಡಬೇಕು ಅನ್ನೋದು ಮಾತ್ರ ನೆನಪಿರಲಿ.

ಜುಲೈಯಲ್ಲಿ ನಾನು ಮತ್ತೆ ಪ್ಯಾಂಟ್ರಿಯಲ್ಲೇ ಊಟಕ್ಕೆ ಕೂತೆ. ದೊಡ್ಡ ಧೈರ್ಯವೇನಲ್ಲ; ಮಳೆಗೆ ಟೆರೇಸಿನಲ್ಲಿ ಕೂರೋಕಾಗ್ತಿರಲಿಲ್ಲ. ಹಪ್ಪಳ ಅಂದಿದ್ದ ಹುಡುಗ ಜುಣಕ ರುಚಿ ನೋಡಿ, ಹೇಗೆ ಮಾಡೋದು ಅಂತ ಬರೆಸಿಕೊಂಡ. ಟೆರೇಸಿನ ಆ ಹೆಣ್ಣುಮಗಳು ಮತ್ತೆ ಸಿಗಲಿಲ್ಲ. ಕಟ್ಟಡ ಇನ್ನೊಂದು ಅಂತಸ್ತು ಮೇಲೆ ಹೋಗಿತ್ತು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅಂತ ಗಾದೆ ಇದೆಯಲ್ಲ, ನಾನದನ್ನ ಯಾವಾಗಲೂ ಬುತ್ತಿ ತಿನ್ನೋನ ಕಡೆಯಿಂದಲೇ ಕೇಳಿಸಿಕೊಂಡಿದ್ದೆ. ನಿನ್ನ ಬುದ್ಧಿ ನೀನು ಬೆಳೆಸಿಕೋ ಅಂತ. ಕಟ್ಟಿಕೊಡೋರ ಕೈ ಎಷ್ಟು ದಿನ ಬಂದೀತು ಅಂತಲೂ ಅದನ್ನ ಓದಬಹುದು.

ಆಗಸ್ಟಿನಲ್ಲಿ ಊರಿಗೆ ಹೋದೆ. ಅವ್ವನ ಕೈ ಇಳಿದಿತ್ತು, ತೊಗರಿ ಹೊಲದಲ್ಲಿ ಕಳೆ ತೆಗೆಯೋಕೆ ಮತ್ತೆ ಹೋಗ್ತಿದ್ದಳು. ಒಂದು ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಒಲೆ ಹಚ್ಚಿದೆ. ರೊಟ್ಟಿ ಬಡಿಯೋಕೆ ಹೋಗಿ ಮೂರು ಒಡೆದವು, ನಾಲ್ಕನೇದು ಶ್ರೀಲಂಕಾದ ನಕಾಶೆ ಆಯ್ತು. ಕೊನೆಗೆ ರೊಟ್ಟಿ ಅವಳೇ ಬಡಿದಳು, ಜುಣಕ ನಾನು ಮಾಡಿದೆ. ಅದೇ ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟೆ. "ಮಗ ಬುತ್ತಿ ಕಟ್ಟ್ಯಾನ ಅಂದ್ರ ಹೊಲದಾಗ ಮಂದಿ ನಗ್ತಾರ" ಅಂತ ಗೊಣಗಿದಳು, ಆದರೂ ಒಯ್ದಳು.

ಸಂಜೆ ಅರಿವೆ ತಲೆಗೆ ಸುತ್ತಿಕೊಂಡು ಬಂದಳು. ನಾನು ಬಾಗಿಲಲ್ಲೇ ಕಾಯ್ತಿದ್ದೆ.

"ಹೆಂಗಾಗಿತ್ತವ್ವಾ?"

"ಉಪ್ಪು ಜರ ಹೆಚ್ಚಾಗಿತ್ತು" ಅಂದಳು. ಒಳಗೆ ಹೋಗಿ ಕೈಕಾಲು ತೊಳೆದುಕೊಂಡು, ಮತ್ತೆ ಅಂದಳು: "ನಾಳಿಗೆ ಕಮ್ಮಿ ಹಾಕು."